ಓದುಗರ ಪ್ರಶ್ನೆ: ಕಾರಿನ ನಾಡಿನಲ್ಲಿ ಟ್ಯಾಂಕು, ವಿಮಾನ

ಪ್ರಶ್ನೆ: ಪೀಣ್ಯದಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೆಟ್ರಾಯಿಟ್‌ನ ಕಾರು ಕಾರ್ಖಾನೆಗಳು ರಾತ್ರೋರಾತ್ರಿ ಟ್ಯಾಂಕು, ವಿಮಾನಗಳ ತಯಾರಿಕೆಗೆ ತಿರುಗಿದವೆಂದು ಕೇಳಿದ್ದೇನೆ. ಇದು ನಿಜವೇ? ಆ ಪ್ರದೇಶಕ್ಕೆ ರಕ್ಷಣಾ ಉದ್ಯಮದಲ್ಲಿ ಇಂದಿಗೂ ಸ್ಥಾನವಿದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: 'ರಾತ್ರೋರಾತ್ರಿ' ಎಂಬ ಒಂದು ಮಾತನ್ನು ಬಿಟ್ಟರೆ ನೀವು ಕೇಳಿದ್ದು ನಿಜ. 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸಾರ್ವಜನಿಕರಿಗಾಗಿ ಕಾರು ತಯಾರಿಸುವುದು ನಿಂತಿತು. ಹಳೆಯ ಸ್ಥಾವರಗಳು ಸೇನೆಯ ಕೆಲಸಕ್ಕೆ ತಿರುಗಿದವು. ಪ್ಯಾಕರ್ಡ್ ಕಂಪನಿಯು ಬ್ರಿಟನ್ನಿನ ಮರ್ಲಿನ್ ವಿಮಾನ ಎಂಜಿನ್‌ಗಳನ್ನು ಡೆಟ್ರಾಯಿಟ್‌ನಲ್ಲೇ ತಯಾರಿಸಿತು. ಆದರೆ ಹೆಚ್ಚು ಹೆಸರಾದ ಎರಡು ಕಾರ್ಖಾನೆಗಳು, ಅಂದರೆ ಡೆಟ್ರಾಯಿಟ್ ಹತ್ತಿರದ ವಾರೆನ್‌ನಲ್ಲಿ ಕ್ರೈಸ್ಲರ್ ನಡೆಸಿದ ಟ್ಯಾಂಕ್ ಸ್ಥಾವರ ಮತ್ತು ಅದೇ ಪ್ರದೇಶದ ಇಪ್ಸಿಲಾಂಟಿಯ ಸಮೀಪ ಫೋರ್ಡ್ ನಡೆಸಿದ ವಿಮಾನ ಸ್ಥಾವರ ವಿಲ್ಲೋ ರನ್, ಯಾವುದೇ ಕಾರು ಕಾರ್ಖಾನೆಯ ರೂಪಾಂತರಗಳಾಗಿರದೆ ಹೊಲಗಳಿದ್ದ ಜಾಗದಲ್ಲಿ ಹೊಸದಾಗಿ ಎದ್ದವು. ಎರಡರ ವಿನ್ಯಾಸವೂ ವಾಸ್ತುಶಿಲ್ಪಿ ಆಲ್ಬರ್ಟ್ ಕಾಹ್ನ್ ಅವರ ಸಂಸ್ಥೆಯದು. ವಾರೆನ್‌ನಲ್ಲಿ ಯುದ್ಧ ಮುಗಿಯುವ ಹೊತ್ತಿಗೆ 22,000ಕ್ಕೂ ಹೆಚ್ಚು ಟ್ಯಾಂಕುಗಳು ತಯಾರಾದವು.

ನಿಮ್ಮ ಕಸುಬಿನವರು ಗಮನಿಸಬೇಕಾದದ್ದು ವಿಲ್ಲೋ ರನ್ನಿನ ಕಥೆ. ಬಿ-24 ಲಿಬರೇಟರ್ ಬಾಂಬರ್ ವಿಮಾನವನ್ನು ಕಾರಿನಂತೆಯೇ ಅಸೆಂಬ್ಲಿ ಲೈನಿನಲ್ಲಿ ತಯಾರಿಸುತ್ತೇವೆಂದು ಹೊರಟ ಫೋರ್ಡ್ ಎಂಜಿನಿಯರುಗಳು, ವಿಮಾನ ತಯಾರಕರು ಬಳಸುತ್ತಿದ್ದ ಮೆದು ಲೋಹದ ಡೈಗಳನ್ನು (ಲೋಹಕ್ಕೆ ಆಕಾರ ಕೊಡುವ ಅಚ್ಚುಗಳನ್ನು) ಬಿಟ್ಟು, ಲಕ್ಷಗಟ್ಟಲೆ ಕಾರು ಮಾಡುವವರಿಗೆ ಒಗ್ಗುವ ಗಟ್ಟಿ ಉಕ್ಕಿನ ಡೈಗಳನ್ನು ಮಾಡಿಸಿದರು. ವಾಯುಪಡೆಯಾದರೋ ರಣರಂಗದ ಅನುಭವಕ್ಕೆ ತಕ್ಕಂತೆ ವಿನ್ಯಾಸವನ್ನು ಮತ್ತೆ ಮತ್ತೆ ಬದಲಿಸುತ್ತಿತ್ತು, ಪ್ರತಿ ಬದಲಾವಣೆಗೂ ದುಬಾರಿ ಡೈಗಳನ್ನು ತಿದ್ದಬೇಕಾಗುತ್ತಿತ್ತು. ಹೀಗಾಗಿ 1942ರ ಇಡೀ ವರ್ಷ ಅಲ್ಲಿಂದ ಹೊರಬಂದದ್ದು 56 ವಿಮಾನಗಳು ಮಾತ್ರ. ಆ ಸ್ಥಾವರದ ಹೆಸರನ್ನೇ ತಿರುಚಿ ಜನ 'ವಿಲ್ ಇಟ್ ರನ್?' (ಓಡುತ್ತದೆಯೇ?) ಎಂದು ಗೇಲಿ ಮಾಡಿದರಂತೆ. ವಿನ್ಯಾಸವನ್ನು ಒಂದಷ್ಟು ಕಾಲ ಸ್ಥಿರವಾಗಿರಿಸಿ, ಬದಲಾವಣೆಗಳನ್ನು ಬೇರೆ ಕೇಂದ್ರಗಳಲ್ಲಿ ಮಾಡಲು ತೊಡಗಿದ ಮೇಲೆಯೇ ವೇಗ ಬಂದದ್ದು. 1944ರಲ್ಲಿ ಸರಾಸರಿ ಗಂಟೆಗೊಂದು ವಿಮಾನ ಸಿದ್ಧವಾಗುವ ಹಂತವನ್ನೂ ಮುಟ್ಟಿತು. ಒಟ್ಟು ತಯಾರಾದವು 8,685. ಇವುಗಳಲ್ಲಿ ಹಲವನ್ನು ಬಿಡಿಭಾಗಗಳಾಗಿಯೇ ಕಳಿಸಿ ಬೇರೆಡೆ ಜೋಡಿಸಲಾಯಿತು. ಹಾಗಾಗಿ ಕಾರಿನ ಉದ್ಯಮದಿಂದ ಯುದ್ಧಕ್ಕೆ ಒದಗಿಬಂದದ್ದು ಯಂತ್ರಗಳಿಗಿಂತಲೂ ಹೆಚ್ಚಾಗಿ ಟೂಲ್‌ರೂಮಿನ ಕೈಚಳಕ, ಬಿಡಿಭಾಗ ಪೂರೈಸುವವರ ಜಾಲ ಮತ್ತು ಸಾವಿರಾರು ಕೈಗಳ ಕೆಲಸವನ್ನು ಹೊತ್ತಿಗೆ ಸರಿಯಾಗಿ ಹೊಂದಿಸುವ ಅಭ್ಯಾಸ ಎಂಬುದು ನನ್ನ ಅಭಿಪ್ರಾಯ.

ಈಗಿನ ಸ್ಥಿತಿ ಬೇರೆ. ವಾರೆನ್ ಸ್ಥಾವರದಲ್ಲಿ ಟ್ಯಾಂಕ್ ತಯಾರಿಕೆ 1990ರ ದಶಕದಲ್ಲಿ ನಿಂತಿತು. ಅಮೆರಿಕ ಸೇನೆಯ ಈಗಿನ ಅಬ್ರಾಮ್ಸ್ ಟ್ಯಾಂಕಿನ ಜೋಡಣೆ ನಡೆಯುವುದು ನೆರೆಯ ಒಹಾಯೊ ರಾಜ್ಯದ ಲೈಮಾದಲ್ಲಿ. ಕ್ರೈಸ್ಲರ್‌ನ ರಕ್ಷಣಾ ವಿಭಾಗವನ್ನು 1982ರಲ್ಲಿ ಜನರಲ್ ಡೈನಮಿಕ್ಸ್ ಎಂಬ ರಕ್ಷಣಾ ಕಂಪನಿ ಕೊಂಡುಕೊಂಡಿತು, ಅದರ ಭೂವಾಹನ ಸಂಸ್ಥೆಯ ಕೇಂದ್ರ ಡೆಟ್ರಾಯಿಟ್ ಸಮೀಪದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿದೆ. ಸೇನಾ ವಾಹನಗಳ ಸಂಶೋಧನೆ, ಖರೀದಿ, ನಿರ್ವಹಣೆಗಳನ್ನು ನೋಡಿಕೊಳ್ಳುವ ಸೇನೆಯ ಕಚೇರಿಗಳು ಮಾತ್ರ ಇಂದಿಗೂ ವಾರೆನ್‌ನಲ್ಲಿಯೇ ಇವೆ.

ನಿಮ್ಮೂರಿಗೂ ಈ ಕಥೆಯ ಒಂದು ಎಳೆ ತಾಕುತ್ತದೆ. ಯುದ್ಧಾನಂತರ ಕಾನ್ಪುರದಲ್ಲಿ ಕೆಡಿಸಿ ಬಿಡಲಾಗಿದ್ದ ಲಿಬರೇಟರ್‌ಗಳಲ್ಲಿ ಸುಮಾರು 40 ವಿಮಾನಗಳನ್ನು ಹಾರುವಷ್ಟರ ಮಟ್ಟಿಗೆ ಸರಿಪಡಿಸಿ, ಬೆಂಗಳೂರಿಗೆ ತಂದು, ಎಚ್‌ಎಎಲ್‌ನಲ್ಲಿ ಪೂರ್ತಿ ದುರಸ್ತಿ ಮಾಡಿ ಭಾರತೀಯ ವಾಯುಪಡೆಗೆ ಕೊಡಲಾಯಿತು. ಅವು 1968ರವರೆಗೂ ಸೇವೆಯಲ್ಲಿದ್ದವು.