ಪ್ರತಿಕ್ರಿಯೆ: ಬ್ಯಾಗಿನ ಫ್ರೇಮ್ ಸೊಂಟವನ್ನು ತಳ್ಳುವುದು ಯಾಕೆ

ರಾಣಿಪುರದ ಗುಡ್ಡ ಹತ್ತುವಾಗ ನೀವು ಮಾಡಿದ ಅಲ್ಯೂಮಿನಿಯಂ ಫ್ರೇಮ್ ಪ್ರತಿ ಹೆಜ್ಜೆಗೂ ಸೊಂಟವನ್ನು ಆಚೀಚೆ ತಳ್ಳುತ್ತದೆ, ಪೈಪ್ ಬದಲಿಸಬೇಕೇ ಎಂದು ಕೇಳಿದ್ದೀರಿ. ಪೈಪ್ ಇರಲಿ, ಫ್ರೇಮನ್ನು ಸೊಂಟದ ಬೆಲ್ಟಿಗೆ ಎರಡು ಬದಿಯಲ್ಲಿ ಬಿಗಿದ ಬೋಲ್ಟ್ ಬಿಚ್ಚಿ. ನಡೆಯುವಾಗ ಸೊಂಟದ ಒಂದು ಬದಿ ಏರಿ ಇನ್ನೊಂದು ಇಳಿಯುತ್ತದೆ, ಹೆಗಲು ಸೊಂಟಕ್ಕೆ ವಿರುದ್ಧವಾಗಿ ತಿರುಗುತ್ತದೆ. ಎರಡು ಕಡೆ ಬಿಗಿದರೆ ಇದಕ್ಕೆ ಜಾಗವೇ ಇಲ್ಲ.

ಬದಲಿಗೆ ನಡುಬೆನ್ನಿನ ಕೆಳಗೆ, ಸರಿ ಮಧ್ಯದಲ್ಲಿ, ಒಂದೇ 8 ಮಿ.ಮೀ. ಬೋಲ್ಟ್. ಅದು ಏರಿಳಿತಕ್ಕೆ. ತಿರುಚುವುದಕ್ಕೆ ಬೆಲ್ಟಿನ ಹಿಂದೆ ಬಾಗುವ 3 ಮಿ.ಮೀ. ಪ್ಲಾಸ್ಟಿಕ್ ಹಲಗೆ ಬೇಕು; ಹಳೆಯ ನೀಲಿ ಡ್ರಮ್ಮಿನ ಬದಿ ಕತ್ತರಿಸಿದರೆ ಸಾಕು, ಬಾಗು ಹೇಗೂ ಇದ್ದೇ ಇದೆ.

ತೆಳು ಪೈಪಿಗೆ ನೇರ ತೂತು ಕೊರೆದರೆ ಅದು ಬೇಗ ಮೊಟ್ಟೆಯಾಕಾರವಾಗಿ ಕಟಕಟ ಅನ್ನುತ್ತದೆ. ತೂತಿನೊಳಗೆ ನೈಲಾನ್ ಬುಶ್ (ಬೋಲ್ಟ್ ತೂರುವ ಚಿಕ್ಕ ಕೊಳವೆ), ಎರಡೂ ಬದಿ ನೈಲಾನ್ ವಾಷರ್ ಹಾಕಿ. ನಮ್ಮ ಕಡಲ ಗಾಳಿಯಲ್ಲಿ ಸ್ಟೀಲ್ ತಾಗಿದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುವುದೂ ಇದರಿಂದ ತಪ್ಪುತ್ತದೆ. ಲಾಕ್ ನಟ್ಟನ್ನು ಪೂರ್ತಿ ಬಿಗಿದು ಅರ್ಧ ಸುತ್ತು ಸಡಿಲಿಸಿ.

ಎರಡು ಬದಿಗೂ ಬೆಲ್ಟಿನಿಂದ ಫ್ರೇಮಿಗೆ 2 ಸೆಂ.ಮೀ. ಸಡಿಲ ಬಿಟ್ಟು ಪಟ್ಟಿ ಹೊಲಿಯಿರಿ. ಇಲ್ಲದಿದ್ದರೆ ಇಳಿಜಾರಿನಲ್ಲಿ ಹೊರೆ ತೂಗಾಡಿ ನಿಮ್ಮನ್ನೇ ಎಳೆದೊಯ್ಯುತ್ತದೆ. ಮೊದಲು 8 ಕಿಲೋ ಅಕ್ಕಿ ಹಾಕಿ ಮನೆಯ ಮೆಟ್ಟಿಲಲ್ಲೇ ಹತ್ತಿಳಿದು ನೋಡಿ.