ಕನ್ನಡಿಯನ್ನು ಬಿಗಿಯಬೇಡಿ, ಕೂರಿಸಿ

ಪ್ರಶ್ನೆ: ನಾನೇ ಉಜ್ಜಿದ 250 ಮಿ.ಮೀ. ಕನ್ನಡಿಗೆ ಡಾಬ್ಸೋನಿಯನ್ (ಸರಳ ಮರದ ಪೀಠದ ಮೇಲೆ ಕೂರುವ) ದೂರದರ್ಶಕ ಕಟ್ಟಿದ್ದೇನೆ. ಗಾಜಿನ ದಪ್ಪ 25 ಮಿ.ಮೀ. ಇಷ್ಟೇ ದಪ್ಪದ ಹಳೆಯ 150 ಮಿ.ಮೀ. ಕನ್ನಡಿಗೆ ಮಾಡಿದಂತೆ ಪ್ಲೈವುಡ್ ತಟ್ಟೆಯ ಮೇಲೆ ಮೂರು ಫೆಲ್ಟ್ ತುಂಡು ಅಂಟಿಸಿ, ಅಂಚಿಗೆ ಮೂರು ಕ್ಲಿಪ್ ಬಿಗಿದಿದ್ದೇನೆ. ನಕ್ಷತ್ರಗಳು ಮೂರು ಮೂಲೆಯಾಗಿ ಕಾಣುತ್ತಿವೆ. ಉಜ್ಜಿದ್ದೇ ಕೆಟ್ಟಿತೇ? ಕನ್ನಡಿಯನ್ನು ಒಂಬತ್ತು ಬಿಂದುಗಳಲ್ಲಿ ಹೊರುವ ಸೆಲ್ (ಕನ್ನಡಿ ಕೂರುವ ಚೌಕಟ್ಟು) ಮಾಡಿದರೆ ಸರಿಹೋದೀತೇ?

ಉತ್ತರ: ಕ್ಲಿಪ್ ಮೂರು, ನಕ್ಷತ್ರಕ್ಕೆ ಮೂಲೆಯೂ ಮೂರು! ಉಜ್ಜಿದ ಕೈಯನ್ನು ಬೈದುಕೊಳ್ಳುವ ಮೊದಲು ಆ ಕ್ಲಿಪ್ಪುಗಳನ್ನು ಸಡಿಲಿಸಿ ನೋಡಿ. ಕ್ಲಿಪ್ಪಿಗೂ ಗಾಜಿಗೂ ನಡುವೆ ಒಂದು ದಪ್ಪ ಕಾಗದ ಸರಾಗವಾಗಿ ಓಡಾಡಬೇಕು. ಕನ್ನಡಿ ಮುಂದಕ್ಕೆ ಬೀಳದಂತೆ ಕಾಯುವುದಷ್ಟೇ ಕ್ಲಿಪ್ಪಿನ ಕೆಲಸ, ಹಿಡಿದುಕೊಳ್ಳುವುದಲ್ಲ. ಒಳ್ಳೆಯ ಕನ್ನಡಿಯ ಮೈ ಸುಮಾರು 70 ನ್ಯಾನೊಮೀಟರಿಗಿಂತ ಹೆಚ್ಚು ಆಚೀಚೆ ಆಗಬಾರದು. ಆ ಲೆಕ್ಕದಲ್ಲಿ ಗಾಜು ರಬ್ಬರಿನಂತೆಯೇ; ಸ್ಕ್ರೂ ಅರ್ಧ ಸುತ್ತು ಹೆಚ್ಚಾದರೂ ಬಾಗುತ್ತದೆ.

ಆಮೇಲೂ ಮೂಲೆ ಉಳಿದರೆ ಕನ್ನಡಿಯನ್ನು ಸೆಲ್‌ನಲ್ಲಿಯೇ 60 ಡಿಗ್ರಿ ತಿರುಗಿಸಿ ಕೂರಿಸಿ. (120 ತಿರುಗಿಸಿದರೆ ಏನೂ ತಿಳಿಯದು, ಮೂಲೆಗಳು ಮತ್ತೆ ಅಲ್ಲಲ್ಲೇ ಬಂದು ಕೂರುತ್ತವೆ.) ಮೂಲೆಗಳು ಕನ್ನಡಿಯ ಜೊತೆ ತಿರುಗಿದರೆ ದೋಷ ಗಾಜಿನದು. ಇದ್ದಲ್ಲೇ ಇದ್ದರೆ ಸೆಲ್‌ನದು.

ಕ್ಲಿಪ್ ಸರಿಹೋದರೂ ನಿಮಗೆ ಒಂಬತ್ತು ಬಿಂದು ಬೇಕು. ತನ್ನ ಭಾರಕ್ಕೆ ಗಾಜು ಬಾಗುವುದು ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ, ದಪ್ಪದ ವರ್ಗದಂತೆ ಇಳಿಯುತ್ತದೆ. ದಪ್ಪ ಅದೇ ಉಳಿದು ವ್ಯಾಸ 150ರಿಂದ 250ಕ್ಕೆ ಹೋದರೆ ಬಾಗುವುದು ಏಳೂವರೆ ಪಟ್ಟಿಗೂ ಹೆಚ್ಚು. ಹಳೆಯ ಕನ್ನಡಿಗೆ ಮೂರು ಫೆಲ್ಟ್ ಸಾಕಾಗಿತ್ತು ಎಂಬುದು ಇಲ್ಲಿ ಸಾಕ್ಷಿಯಾಗದು.

ದೂರದರ್ಶಕ ತಯಾರಕ ಹಿಂಡಲ್ ಹಾಕಿಕೊಟ್ಟ ಹಳೆಯ ಲೆಕ್ಕ ಸರಳ: ಪ್ರತಿ ಬಿಂದುವೂ ತೂಕದ ಒಂಬತ್ತನೇ ಒಂದು ಪಾಲು ಹೊರಬೇಕು. ನಿಮ್ಮ ಕನ್ನಡಿಗೆ ಕೇಂದ್ರದಿಂದ 40 ಮಿ.ಮೀ. ದೂರದಲ್ಲಿ ಮೂರು ಬಿಂದು, 96 ಮಿ.ಮೀ. ದೂರದಲ್ಲಿ ಆರು. ಒಳಗಿನದೊಂದು, ಹೊರಗಿನವೆರಡು ಸೇರಿ ಒಂದು ತ್ರಿಕೋನ. ಅಂಥ ಮೂರು ತ್ರಿಕೋನಗಳನ್ನು ದಪ್ಪ ಅಲ್ಯೂಮಿನಿಯಂ ತಗಡಿನಲ್ಲಿ ಕತ್ತರಿಸಿ, ಮೂಲೆಗೊಂದು ಫೆಲ್ಟ್ ಅಂಟಿಸಿ. ತ್ರಿಕೋನ ಓಲಾಡುವ ಬಿಂದು ಕನ್ನಡಿಯ ಕೇಂದ್ರದಿಂದ 69 ಮಿ.ಮೀ. ದೂರದಲ್ಲಿ ಬರಬೇಕು, ಅಂದರೆ ತ್ರಿಕೋನದ ಹೊರಗಿನ ಬದಿಯಿಂದ ಹೆಚ್ಚುಕಡಿಮೆ 14 ಮಿ.ಮೀ. ಒಳಕ್ಕೆ. ಗುರುತು ಹಾಕುವಾಗ ಆತುರ ಬೇಡ. ಈ ಬಿಂದು ಜರುಗಿದರೆ ಭಾರದ ಪಾಲೇ ಏರುಪೇರು. ಪ್ಲಾಪ್ ಎಂಬ ಉಚಿತ ತಂತ್ರಾಂಶ ಇದಕ್ಕಿಂತ ತುಸು ಬೇರೆ ಅಳತೆ ಕೊಡಬಹುದು, ಅದೂ ಸರಿಯೇ.

ತ್ರಿಕೋನದ ಬೆನ್ನಿಗೆ ಆ ಗುರುತಿನಲ್ಲಿ ಡ್ರಿಲ್‌ನಿಂದ ಅರ್ಧದವರೆಗೆ ಗುಳಿ ತೋಡಿ, ತುದಿ ಉರುಟಾದ ಬೋಲ್ಟಿನ ಮೇಲೆ ಕೂರಿಸಿ. ಬೆರಳು ತಾಗಿಸಿದರೆ ಸಲೀಸಾಗಿ ಓಲಾಡಬೇಕು. ಸುತ್ತು ತಿರುಗದಂತೆ ಪಕ್ಕದಲ್ಲೊಂದು ಸಡಿಲ ಮೊಳೆ ಇದ್ದರೆ ಸಾಕು.

ಇನ್ನು ಅಂಚು. ದೂರದರ್ಶಕವನ್ನು ದಿಗಂತದತ್ತ ಬಾಗಿಸಿದಾಗ ಕನ್ನಡಿಯ ಭಾರವೆಲ್ಲ ಕೆಳಗಿನ ಅಂಚಿಗೆ ಬರುತ್ತದೆ, ಹೆಚ್ಚಿನವರು ಮರೆಯುವುದೂ ಇದನ್ನೇ. ಕೆಳಗೆ, ಲಂಬರೇಖೆಯ ಎಡಬಲಕ್ಕೆ 45 ಡಿಗ್ರಿಯಲ್ಲಿ ಎರಡು ಆಸರೆ ಕೊಡಿ. ಅವು ಗಾಜನ್ನು ಮುಟ್ಟುವುದು ದಪ್ಪದ ಸರಿಮಧ್ಯದಲ್ಲಿರಲಿ. ಮುಂದಂಚಿಗೋ ಹಿಂದಂಚಿಗೋ ಜರುಗಿದರೆ ಅಲ್ಲೂ ಕನ್ನಡಿ ತಿರುಚುತ್ತದೆ.

ಸಿಲಿಕೋನ್ ಅಂಟು ಹಾಕಿ ನಿಶ್ಚಿಂತರಾಗುವವರಿದ್ದಾರೆ, ನನಗೆ ಒಗ್ಗದು. ಲೇಪ ಹಾಕಿಸಲು ಕನ್ನಡಿ ಕಳಚುವ ದಿನ ತಂತಿ ಹಿಡಿದು ಕೊಯ್ಯುತ್ತಾ ಕೂರಬೇಕು. ಪ್ಲೈವುಡ್ ತಟ್ಟೆಯ ನಡುಭಾಗವನ್ನೂ ಕೊರೆದು ತೆಗೆಯಿರಿ, ಹಿಂದೆ ಗಾಳಿಯಾಡದಿದ್ದರೆ ಗಾಜು ತಣಿಯಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟರವರೆಗೂ ಬಿಂಬ ಕುದಿಯುತ್ತಲೇ ಇರುತ್ತದೆ.

ಕಾಲಿಮೇಷನ್‌ಗೆ (ಕನ್ನಡಿಯನ್ನು ನೇರಕ್ಕೆ ಹೊಂದಿಸುವುದಕ್ಕೆ) ಬೇರೆ ಏರ್ಪಾಡು ಬೇಕಿಲ್ಲ. ತ್ರಿಕೋನ ಹೊತ್ತ ಬೋಲ್ಟುಗಳನ್ನೇ ಹಿಂದಿನಿಂದ ತಿರುಗಿಸಬಹುದು. ಮೂರರಲ್ಲಿ ಒಂದಕ್ಕೆ ಲಾಕ್ ನಟ್ ಬಿಗಿದು ಬಿಟ್ಟುಬಿಡಿ. ಹೊಂದಿಸಲು ಉಳಿದೆರಡು ಸಾಕು.