ಬಂಟಿಯ ಮೂಗಿಗೆ ಒಂದು ಕೆಲಸ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.)

ನಾಯಿಯ ವರ್ತನೆ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬರುವವರಲ್ಲಿ ತುಂಬಾ ಜನ ಹೇಳುವ ಮಾತು ಒಂದೇ: "ಮನೆಯಲ್ಲಿ ಬಂಗಾರ, ಹೊರಗೆ ಹೋದ್ರೆ ರಾಕ್ಷಸ." ಬಂಟಿಯ ಮನೆಯವರೂ ಅದನ್ನೇ ಹೇಳಿದರು. ಬಂದವರು ಅಪ್ಪ ಮತ್ತು ಮಗಳು. ಬಂಟಿ ಆಶ್ರಯಧಾಮದಿಂದ ತಂದ ಗಂಡು ನಾಯಿ, ಮಧ್ಯಮ ಗಾತ್ರ, ವಯಸ್ಸು ನಾಲ್ಕರ ಆಸುಪಾಸು. ದಾರಿಯಲ್ಲಿ ಇನ್ನೊಂದು ನಾಯಿ ಕಂಡರೆ ಸಾಕು, ಲೀಶ್ ಕಿತ್ತು ಹೋಗುವ ಹಾಗೆ ಎಗರಿ ಬೊಗಳುತ್ತಿತ್ತು. ಅದನ್ನು ಹೇಗೋ ಸಹಿಸಿಕೊಂಡಿದ್ದರು. ಆದರೆ ಒಂದು ಬೆಳಿಗ್ಗೆ ವಾಕಿಂಗ್‌ಗೆ ಹೊರಟಾಗ, ಕೊರಳಿಗೆ ಚೈನ್ ಹಾಕಲು ಹೋದ ಅಪ್ಪನ ಕೈಗೇ ಬಾಯಿ ಹಾಕಿತು. ವೈದ್ಯರಿಗೆ ತೋರಿಸಿ ಬಂದಿದ್ದರು, ಗಾಯ ದೊಡ್ಡದಿರಲಿಲ್ಲ. ಅವರಿಗೆ ನೋವಾಗಿದ್ದು ಬೇರೆ ಕಡೆ. "ಅನ್ನ ಹಾಕಿದ ಕೈ ಮೇಡಂ ಇದು," ಎಂದು ಕೈ ತೋರಿಸಿದರು.

"ಸಲುಗೆ ಜಾಸ್ತಿ ಆಯ್ತು. ತಲೆ ಮೇಲೆ ಹತ್ತಿ ಕೂತಿದೆ. ಮನೇಲಿ ಯಜಮಾನ ಯಾರು ಅಂತ ಅದಕ್ಕೆ ತೋರಿಸ್ಬೇಕು."

"ಅಪ್ಪ, ನೀವು ಜಗ್ಗಿದಷ್ಟೂ ಅದು ಜಾಸ್ತಿ ಮಾಡುತ್ತೆ. ನೋಡಿದ್ದೀರಲ್ಲ?" ಎಂದಳು ಮಗಳು.

ಈ ಜಗಳ ಅವರ ಮನೆಯಲ್ಲಿ ದಿನಾ ನಡೆಯುತ್ತಿತ್ತು ಅನ್ನುವುದು ಗೊತ್ತಾಗುತ್ತಿತ್ತು. ಯಾರೋ ಹೇಳಿದರೆಂದು ಅಪ್ಪ ಚೋಕ್ ಚೈನ್, ಅಂದರೆ ಜಗ್ಗಿದರೆ ಕೊರಳಿಗೆ ಬಿಗಿಯುವ ಸರಪಳಿ, ತಂದಿದ್ದರು. ಬೊಗಳಿದಾಗಲೆಲ್ಲ ಒಂದು ಜಗ್ಗು. ಮಗಳು ವಾಕಿಂಗ್‌ಗೆ ಕರೆದೊಯ್ದರೆ ಬಂಟಿಯನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ವಾಪಸ್. ಒಬ್ಬರದು ಒಂದು ದಾರಿ, ಇನ್ನೊಬ್ಬರದು ಇನ್ನೊಂದು ದಾರಿ. ನಾಯಿಗೆ ಎರಡೂ ಅರ್ಥವಾಗುತ್ತಿರಲಿಲ್ಲ.

ನಾನು ಮೊದಲು ಮಾತಾಡಿದ್ದು 'ಯಜಮಾನ' ಅನ್ನುವ ವಿಚಾರದ ಬಗ್ಗೆ. ಯಾಕೆಂದರೆ ಅದು ಮನಸ್ಸಿನಲ್ಲಿ ಕೂತಿರುವವರೆಗೆ ಬೇರೆ ಯಾವ ಸಲಹೆಯೂ ಒಳಗೆ ಇಳಿಯುವುದಿಲ್ಲ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ 1947ರಲ್ಲಿ ಸೆರೆಯಲ್ಲಿದ್ದ ತೋಳಗಳನ್ನು ನೋಡಿ, ಮೇಲಿನ ಸ್ಥಾನಕ್ಕಾಗಿ ಅವು ಕಾದಾಡುತ್ತವೆ ಎಂದು ಬರೆದರು. ನಾಯಿಯನ್ನು ಅಂಕೆಯಲ್ಲಿಡಬೇಕು ಅನ್ನುವ ಮಾತಿಗೆ ಅದೂ ಒಂದು ಬುಡವಾಯಿತು. ಆದರೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಡೇವಿಡ್ ಮೆಕ್ 1999ರಲ್ಲಿ ಬರೆದಿದ್ದೇ ಬೇರೆ. ಕಾಡಿನಲ್ಲಿ ತೋಳಗಳ ಹಿಂಡು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ. ಮುಂದಾಳುಗಳು ಅಂದರೆ ಅಪ್ಪ, ಅಮ್ಮ. ಹಿಂದೆ ಇರುವವು ಅವುಗಳದೇ ಮರಿಗಳು. ಇದನ್ನು ಹೇಳಿದಾಗ ಅಪ್ಪ ಒಂದು ಕ್ಷಣ ಸುಮ್ಮನಾಗಿ, "ಹಾಗಾದ್ರೆ ಇದು ನನ್ನ ಮೇಲೆ ದರ್ಪ ತೋರಿಸ್ತಿಲ್ವಾ?" ಎಂದು ಕೇಳಿದರು. ಆ ಪ್ರಶ್ನೆ ಬಂದಿದ್ದು ನನಗೆ ತುಂಬಾ ಸಮಾಧಾನ ಕೊಟ್ಟಿತು.

ಮಾತಿನ ನಡುವೆ ನಾನು ಬಂಟಿಯನ್ನೇ ಗಮನಿಸುತ್ತಿದ್ದೆ. ಬಾಗಿಲ ಕಡೆ ಮುಖ ಮಾಡಿ ನಿಂತಿತ್ತು. ಪದೇ ಪದೇ ತುಟಿ ನೆಕ್ಕಿಕೊಳ್ಳುತ್ತಿತ್ತು, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತಿತ್ತು. ಅಪ್ಪ ಪ್ರೀತಿಯಿಂದಲೇ ಕೊರಳ ಹತ್ತಿರ ಕೈ ಚಾಚಿದಾಗ ತಲೆ ಆ ಕಡೆ ತಿರುಗಿಸಿ, ಕಣ್ಣಂಚಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡಿತು. ಇವೆಲ್ಲ 'ನನಗೆ ಕಷ್ಟವಾಗ್ತಿದೆ' ಅನ್ನುವ ಸೂಚನೆಗಳು. ಕಚ್ಚುವ ಮೊದಲು ನಾಯಿ ಇಷ್ಟೆಲ್ಲ ಹೇಳಿರುತ್ತದೆ. ಯಾರೂ ತನ್ನ ಕಡೆ ನೋಡುತ್ತಿಲ್ಲ ಅನ್ನಿಸಿದಾಗ ಮಾತ್ರ ಅದು ಜಮಖಾನದ ಒಂದು ಮೂಲೆಯನ್ನು ತುಂಬಾ ಹೊತ್ತು ಮೂಸಿತು. ಆಗ ಬೆನ್ನು ಸಡಿಲವಾಯಿತು, ಬಾಲ ಸ್ವಲ್ಪ ಕೆಳಗಿಳಿದು ಸಹಜವಾಯಿತು. ಮುಂದೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಆ ಮೂಲೆಯೇ ಹೇಳಿತು.

ಆದರೂ ಮೊದಲ ಸಲಹೆ ಮೂಸುವುದರ ಬಗ್ಗೆ ಇರಲಿಲ್ಲ. "ಮೊದಲು ಪಶುವೈದ್ಯರಿಗೆ ತೋರಿಸಿ, ಮೈಯೆಲ್ಲ ಪರೀಕ್ಷೆ ಮಾಡಿಸಿ," ಎಂದೆ. ಏಕಾಏಕಿ ಕಚ್ಚಲು ಬಂದ ನಾಯಿಯಲ್ಲಿ ಎಲ್ಲೋ ನೋವಿದೆಯಾ ಎಂದು ನೋಡದೆ ತರಬೇತಿ ಶುರು ಮಾಡಬಾರದು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಬಿಡುವುದಿಲ್ಲ. ಡೇನಿಯಲ್ ಮಿಲ್ಸ್ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಬರಹದಲ್ಲಿ, ವರ್ತನೆಯ ತೊಂದರೆ ಎಂದು ತಜ್ಞರ ಬಳಿ ಬರುವ ಪ್ರಕರಣಗಳಲ್ಲಿ ಕಡಿಮೆ ಅಂದರೂ ಸುಮಾರು ಮೂರರಲ್ಲಿ ಒಂದರಲ್ಲಿ ನೋವಿನ ಪಾಲಿರುತ್ತದೆ ಎಂದು ಅಂದಾಜು ಮಾಡಿದ್ದಾರೆ. ಬಂಟಿಗೂ ಹಾಗೇ ಆಗಿತ್ತು. ಕಿವಿಯೊಳಗೆ ಸೋಂಕು. ಚೈನ್ ತಲೆ ಮೇಲಿಂದ ಇಳಿಸುವಾಗ ಕಿವಿಗೆ ಉಜ್ಜುತ್ತಿತ್ತು. ಆ ಬೆಳಿಗ್ಗೆ ಕೈಗೆ ಬಾಯಿ ಹಾಕಿದ್ದು ಯಾಕೆ ಎಂದು ಅಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಔಷಧಿಯಿಂದ ಕಿವಿ ವಾಸಿಯಾಯಿತು. ಬೇರೆ ನಾಯಿಗಳ ಮೇಲೆ ಎಗರುವುದು ವಾಸಿಯಾಗಲಿಲ್ಲ. ಅದು ಬೇರೆ ಗಂಟು. ಬಂಟಿಗೆ ಮೊದಲಿನಿಂದಲೂ ನಾಯಿಗಳೆಂದರೆ ಭಯ. ಅದರ ಮೇಲೆ, ನಾಯಿ ಕಂಡಾಗಲೆಲ್ಲ ಕೊರಳಿಗೆ ನೋವು. 'ನಾಯಿ ಬಂತು ಅಂದ್ರೆ ಕೆಟ್ಟದ್ದು ಆಗುತ್ತೆ' ಅನ್ನುವುದು ಹೀಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಶಿಕ್ಷೆಯ ವಿಧಾನ ಹೆಚ್ಚಾಗಿ ಬಳಸುವ ಕಡೆ ಕಲಿತ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಜಾಸ್ತಿ ಇದ್ದವು. ತರಬೇತಿ ಮುಗಿದ ಮೇಲೆ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಕೂಡ ಹೆಚ್ಚಾಗಿತ್ತು. ಚೈನ್ ತೆಗೆದಿಡಿ ಎಂದು ಕೇಳಿಕೊಂಡೆ. ಎದೆಗೆ ಸರಿಯಾಗಿ ಕೂರುವ ಹಾರ್ನೆಸ್, ಸ್ವಲ್ಪ ಉದ್ದನೆಯ ಲೀಶ್ ಸಾಕು. ಕೆಲವು ದಿನ ನಾಯಿಗಳು ಓಡಾಡುವ ಹೊತ್ತಿನಲ್ಲಿ ಹೊರಗೆ ಹೋಗುವುದೇ ಬೇಡ. "ವಾಕಿಂಗ್ ಇಲ್ಲದೆ ಹೇಗೆ ಮೇಡಂ?" ಎಂದು ಮಗಳು ಕೇಳಿದಳು. ದಿನಾ ಹೆದರಿ ಬರುವ ವಾಕಿಂಗ್‌ನಿಂದ ನಾಯಿಗೆ ಲಾಭವಿಲ್ಲ. ಆ ಹೊತ್ತಿಗೆ ಮನೆಯೊಳಗೇ ಬೇರೆ ಕೆಲಸ ಕೊಡೋಣ ಎಂದೆ.

ಆ ಕೆಲಸವೇ ಮೂಸಿ ಹುಡುಕುವುದು.

ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು 50-60 ಲಕ್ಷ ಎಂದು ಲೆಕ್ಕ ಹಾಕುತ್ತಾರೆ. ನಾಯಿಯಲ್ಲಿ ಅವು 20 ಕೋಟಿಗೂ ಹೆಚ್ಚು. ಆಸಕ್ತಿಯಿಂದ ಮೂಸುವಾಗ ಅದು ಸೆಕೆಂಡಿಗೆ ಸುಮಾರು ಐದು ಸಲ ಗಾಳಿ ಎಳೆದುಕೊಳ್ಳುತ್ತದೆ. ಬಿಡುವ ಉಸಿರು ಮೂಗಿನ ಪಕ್ಕದ ಸೀಳಿನಿಂದ ಹೊರಹೋಗುವುದರಿಂದ ಮುಂದಿನ ವಾಸನೆ ಕಲಸಿಹೋಗುವುದಿಲ್ಲ. ಇಂಥ ಮೂಗು ಇಟ್ಟುಕೊಂಡ ಪ್ರಾಣಿಯನ್ನು "ಮೂಸಬೇಡ, ನಡಿ ನಡಿ" ಎಂದು ಎಳೆದುಕೊಂಡು ಹೋಗುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಹೊಸ ಊರು ತೋರಿಸುತ್ತೇವೆ ಎಂದು ಕಣ್ಣು ಕಟ್ಟಿ ಸುತ್ತಾಡಿಸಿದ ಹಾಗೆ ಅದು.

ಹೆದರುವ ನಾಯಿಗೆ ಇದರಲ್ಲಿ ಇನ್ನೂ ಒಂದು ಲಾಭವಿದೆ. ಕೂರು, ನಿಲ್ಲು, ಬಾ ಎಂದು ಕಲಿಸುವಾಗ ಉತ್ತರ ನಮಗೆ ಗೊತ್ತಿರುತ್ತದೆ, ನಾಯಿ ಅದನ್ನು ಊಹಿಸಬೇಕು. ಹುಡುಕುವ ಆಟದಲ್ಲಿ ದಾರಿ ಗೊತ್ತಿರುವುದು ನಾಯಿಗೆ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂದು ಅದೇ ತೀರ್ಮಾನ ಮಾಡುತ್ತದೆ. ಶಾರ್ಲೆಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ 2019ರಲ್ಲಿ 20 ನಾಯಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಎರಡು ವಾರ ಒಂದು ಗುಂಪು ಮೂಗಿನ ಕೆಲಸ ಮಾಡಿತು, ಇನ್ನೊಂದು ಗುಂಪು ಪಕ್ಕದಲ್ಲೇ ಶಿಸ್ತಾಗಿ ನಡೆಯುವುದನ್ನು ಅಭ್ಯಾಸ ಮಾಡಿತು. ಆಮೇಲೆ, ತಿಂಡಿ ಇದೆಯೋ ಇಲ್ಲವೋ ಎಂದು ಖಚಿತವಿಲ್ಲದ ಬಟ್ಟಲಿನ ಹತ್ತಿರ ಮೂಗಿನ ಕೆಲಸ ಮಾಡಿದ ನಾಯಿಗಳು ಮೊದಲಿಗಿಂತ ಬೇಗ ಹೋದವು. ಇನ್ನೊಂದು ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ. 'ಒಳ್ಳೇದೇ ಇರಬಹುದು' ಅನ್ನುವ ನಿರೀಕ್ಷೆ ಹುಟ್ಟಿತ್ತು. ಬಂಟಿಗೆ ಬೇಕಾಗಿದ್ದು ಅದೇ.

ಮೊದಲ ಆಟ ಅವರ ಮನೆಯ ಹಾಲ್‌ನಲ್ಲೇ ನಡೆಯಿತು. ನೆಲದ ಮೇಲೆ ಕೆಲವು ಖಾಲಿ ರಟ್ಟಿನ ಪೆಟ್ಟಿಗೆ, ಎಲ್ಲವೂ ಬಾಯಿ ತೆರೆದಂಥವು. ಒಂದರಲ್ಲಿ ಮಾತ್ರ ಅದಕ್ಕೆ ತುಂಬಾ ಇಷ್ಟವಾದ ಟ್ರೀಟ್. ಲೀಶ್ ಹಿಡಿಯಲು ಅಪ್ಪನಿಗೇ ಹೇಳಿದೆ. "ಸಡಿಲ ಬಿಡಿ. ಬೆರಳು ತೋರಿಸಬೇಡಿ. ಬೇಡ, ಅಲ್ಲ, ಹೀಗಲ್ಲ, ಯಾವುದೂ ಹೇಳಬೇಡಿ."

ಬಂಟಿ ಮೊದಲ ಪೆಟ್ಟಿಗೆ ಹತ್ತಿರ ಹೋಗಿ ಕತ್ತು ಮಾತ್ರ ಚಾಚಿತು. ಹಿಂಗಾಲು ದೂರದಲ್ಲೇ ಇದ್ದವು, ಯಾವಾಗ ಬೇಕಾದರೂ ಓಡಲು ತಯಾರಾಗಿ. ಅಪ್ಪನ ಮುಖ ನೋಡಿತು. ಅವರು ಸುಮ್ಮನಿದ್ದರು. ಎರಡನೆಯದು ಖಾಲಿ. ಮೂರನೆಯದರ ಹತ್ತಿರ ಹೋಗುವಾಗಲೇ ದಿಕ್ಕು ಬದಲಾಯಿಸಿತು. ಮೂಗಿನ ಸದ್ದು ಜೋರಾಯಿತು, ಸುಯ್ ಸುಯ್ ಎಂದು ಕೋಣೆಗೆಲ್ಲ ಕೇಳುವಷ್ಟು. ಬಾಲ ಬೇರಿನಿಂದಲೇ ಅಲ್ಲಾಡತೊಡಗಿತು. ದಾಟಿ ಹೋಗಿದ್ದ ಪೆಟ್ಟಿಗೆಗೆ ತಟ್ಟನೆ ಹಿಂದಿರುಗಿ ತಲೆ ಪೂರ್ತಿ ಒಳಗೆ ತೂರಿಸಿತು. ಇಷ್ಟು ದಿನ ಏನನ್ನು ಕಂಡರೂ ಬೆದರುತ್ತಿದ್ದ ನಾಯಿ ಅದು! ಟ್ರೀಟ್ ತಿನ್ನುತ್ತಿರುವಾಗಲೇ ಅದೇ ಪೆಟ್ಟಿಗೆಯೊಳಗೆ ಇನ್ನೆರಡು ಹಾಕಲು ಹೇಳಿದೆ, ಕಂಡುಹಿಡಿದ ಜಾಗದಲ್ಲೇ ಬಹುಮಾನ ಸಿಗಲಿ ಎಂದು. ಅಪ್ಪ ಹಾಕಿದರು. ಮೊನ್ನೆ ಬಾಯಿ ಹಾಕಿಸಿಕೊಂಡ ಅದೇ ಕೈ. ಬಂಟಿ ಆ ಕೈಯನ್ನು ಮೂಸಿ, ಮತ್ತೆ ಪೆಟ್ಟಿಗೆಗೆ ಮೂಗು ಇಟ್ಟಿತು.

ಮನೆಯಲ್ಲಿ ಮುಂದುವರಿಸಲು ಅವರಿಗೆ ಬರೆದುಕೊಟ್ಟಿದ್ದು ಇಷ್ಟು. ಒಂದು ಸಲಕ್ಕೆ ಕೆಲವೇ ನಿಮಿಷ. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ಪೆಟ್ಟಿಗೆ ಸುಲಭವಾದ ಮೇಲೆ ಸುತ್ತಿದ ಟವೆಲ್, ಕುರ್ಚಿ ಕಾಲಿನ ಹಿಂದೆ, ಬಾಗಿಲ ಸಂದಿ, ಆಮೇಲೆ ಹುಲ್ಲಿನಲ್ಲಿ ಚೆಲ್ಲಿದ ತಿಂಡಿ. ಕಷ್ಟವಾದರೆ ಒಂದು ಹೆಜ್ಜೆ ಹಿಂದೆ ಬಂದು ಗೆಲ್ಲಿಸಿ. ನಾಯಿ ಏದುಸಿರು ಬಿಡುತ್ತಿದ್ದರೆ ಆಟ ಬೇಡ, ಬಾಯಿಯಲ್ಲಿ ಉಸಿರಾಡುವಾಗ ಮೂಗು ಸರಿಯಾಗಿ ಕೆಲಸ ಮಾಡುವುದಿಲ್ಲ. ನೀರು ಪಕ್ಕದಲ್ಲಿರಲಿ. ಸ್ಪರ್ಧೆಗಳಲ್ಲಿ ಲವಂಗ, ಸೋಂಪಿನ ವಾಸನೆ ಹುಡುಕಿಸುತ್ತಾರೆ ಎಂದು ಓದಿ ಎಣ್ಣೆ ಬಾಟಲಿ ತರಬೇಡಿ. ಗಟ್ಟಿ ಸುಗಂಧ ತೈಲ ನಾಯಿಯ ಮೂಗಿಗೂ ಬಾಯಿಗೂ ಒಳ್ಳೆಯದಲ್ಲ. ಆ ಹಂತಕ್ಕೆ ಬಲ್ಲವರ ಜೊತೆ ಹೋಗಬೇಕು. ಇನ್ನು, ತಿನ್ನುವಾಗ ಗುರ್ ಎನ್ನುವ ನಾಯಿಯಿದ್ದರೆ ಈ ಆಟದ ರೀತಿಯೇ ಬೇರೆ. ಆಗ ಪೆಟ್ಟಿಗೆಯ ಹತ್ತಿರ ಕೈ ಹಾಕಬಾರದು, ಮಕ್ಕಳು, ಬೇರೆ ಸಾಕುಪ್ರಾಣಿಗಳು ಆ ಕೋಣೆಯಲ್ಲಿ ಇರಲೇಬಾರದು.

ಮೂಗಿನ ಕೆಲಸದಿಂದಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದು ನಾಯಿಗೆ ಧೈರ್ಯ ತುಂಬುತ್ತದೆ, ಮನೆಯವರ ಮೇಲೆ ನಂಬಿಕೆ ತರುತ್ತದೆ. ಬೇರೆ ನಾಯಿಯ ಭಯಕ್ಕೆ ಅದರದೇ ಆದ ಅಭ್ಯಾಸ ಬೇಕು. ನಿಧಾನವಾಗಿ, ದೂರದಿಂದ. ನಾಯಿ ಕಾಣಬೇಕು, ಆದರೆ ಬಂಟಿ ಇನ್ನೂ ತಿಂಡಿ ತಿನ್ನುವಷ್ಟು ನೆಮ್ಮದಿಯಲ್ಲಿರಬೇಕು. ಅಷ್ಟು ದೂರ. ಮೊದಲು ನಾಯಿ ಕಾಣುವುದು, ಆಮೇಲೆ ತಿಂಡಿ. ಈ ಕ್ರಮ ತಪ್ಪಬಾರದು. ತಿಂಡಿ ಮೊದಲು ಬಂದರೆ, ತಿಂಡಿ ಕಂಡಾಗಲೇ 'ಓ, ನಾಯಿ ಬರ್ತಿದೆ' ಎಂದು ಹೆದರಲು ಶುರು ಮಾಡಬಹುದು. ಇಷ್ಟದ ತಿಂಡಿಯನ್ನೂ ಬೇಡ ಎಂದರೆ ಆಗಲೇ ತುಂಬಾ ಹತ್ತಿರ ಬಂದಿದ್ದೀರಿ ಎಂದರ್ಥ. ಮಾತಾಡದೆ ದೂರ ಸರಿಯಿರಿ.

ಇಲ್ಲಿ ಅಪ್ಪ ಕೇಳಿದ ಪ್ರಶ್ನೆ ಹೆಚ್ಚುಕಡಿಮೆ ಎಲ್ಲರೂ ಕೇಳುತ್ತಾರೆ. "ಬೊಗಳೋ ನಾಯಿಗೆ ತಿಂಡಿ ಕೊಟ್ರೆ ಬೊಗಳೋದನ್ನೇ ಕಲಿಸಿದ ಹಾಗೆ ಅಲ್ವಾ?" ಬಂಟಿ ಬೊಗಳುವುದು ತಿಂಡಿಗಾಗಿ ಆಗಿದ್ದರೆ ಹೌದು. ಅದು ಬೊಗಳುವುದು ಹೆದರಿಕೆಯಿಂದ. ಎದುರಿನ ನಾಯಿ ದೂರ ಹೋಗಲಿ ಅಂತ. ಹೆದರಿಕೆ ಕಡಿಮೆಯಾದರೆ ಬೊಗಳುವ ಅಗತ್ಯವೇ ಕಡಿಮೆಯಾಗುತ್ತದೆ. ಕ್ರಮ ತಪ್ಪದೆ ತಿಂಡಿ ಕೊಟ್ಟರೆ ಭಯ ಬೆಳೆಯುವುದಿಲ್ಲ.

ಮನೆಯಲ್ಲಿ ಆಡಿಸುವಾಗ "ಹುಡುಕು" ಎಂಬ ಮಾತನ್ನು ಮಗಳು ರೂಢಿ ಮಾಡಿಸಿದ್ದಳು. ಅದನ್ನೇ ರಸ್ತೆಗೂ ತಂದೆವು. ದೂರದಲ್ಲಿ ನಾಯಿ ಕಂಡಿತು, ಬಂಟಿ ನೋಡಿತು, "ಹುಡುಕು" ಎಂದು ಕಾಲ ಬಳಿ ನಾಲ್ಕಾರು ಚೂರು ಚೆಲ್ಲುವುದು. ತಲೆ ತಗ್ಗುತ್ತದೆ, ದಿಟ್ಟಿಸುವುದು ನಿಲ್ಲುತ್ತದೆ. ನೆಲ ಮೂಸುತ್ತಿರುವ ನಾಯಿಯನ್ನು ಕಂಡು ಎದುರಿನದೂ ಅಷ್ಟು ಕೆರಳುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ಬಂಟಿ ಗುರ್ ಎಂದರೆ ಗದರಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಅದಕ್ಕೆ ಪೆಟ್ಟು ಬಿದ್ದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ನೇರ ಕಚ್ಚುತ್ತದೆ. ಪಶುವೈದ್ಯರ ಬಳಿ ಹೋಗುವಾಗ ಬೇಕಾಗುತ್ತದೆಂದು, ಬಾಯಿ ತೆರೆಯಲು ಜಾಗವಿರುವ ಬುಟ್ಟಿಯಂಥ ಬಾಯಿಕುಕ್ಕೆಯನ್ನೂ ನಿಧಾನಕ್ಕೆ ಅಭ್ಯಾಸ ಮಾಡಿಸಿದೆವು. ಕುಕ್ಕೆಯೊಳಗೆ ಟ್ರೀಟ್, ಮೂಗು ತಾನಾಗೇ ಒಳಗೆ. ಹುಡುಕುವ ಆಟ ಗೊತ್ತಿದ್ದ ಬಂಟಿಗೆ ಇದು ಸಲೀಸಾಯಿತು.

ನಡುವೆ ಒಂದು ಕೆಟ್ಟ ದಿನವೂ ಬಂತು. ತಿರುವಿನಲ್ಲಿ ಲೀಶ್ ಇಲ್ಲದ ನಾಯಿಯೊಂದು ಎದುರಾಗಿ, ಬಂಟಿ ಹಳೆಯ ರೀತಿಯಲ್ಲೇ ಎಗರಿತು. ಮಗಳು ಅಳುತ್ತಾ ಫೋನ್ ಮಾಡಿದಳು. "ಎಲ್ಲಾ ಹಾಳಾಯ್ತು ಮೇಡಂ." ಏನೂ ಹಾಳಾಗಿಲ್ಲ ಎಂದೆ. ದೊಡ್ಡ ಗಾಬರಿಯ ನಂತರ ನಾಯಿಯ ಮೈ ತಣಿಯಲು ಸಮಯ ಬೇಕು. ಒಂದೆರಡು ದಿನ ಹೊರಗೆ ಅಭ್ಯಾಸ ಬೇಡ, ಮನೆಯಲ್ಲಿ ಸುಲಭದ ಪೆಟ್ಟಿಗೆ ಆಟ, ಬೇಕಾದಷ್ಟು ನಿದ್ದೆ. ಆ ಸಂಜೆ ಪೆಟ್ಟಿಗೆ ಜೋಡಿಸಿದ್ದು ಅಪ್ಪ.

ಈಗ ಬಂಟಿ ರಸ್ತೆಯ ಆಚೆ ಬದಿಯಲ್ಲಿ ನಾಯಿ ಹೋದರೆ ನೋಡಿ, ತಾನಾಗೇ ಮನೆಯವರ ಕಡೆ ತಿರುಗುತ್ತದೆ. ತೀರಾ ಹತ್ತಿರ ಬಂದರೆ ಇಂದಿಗೂ ಬೊಗಳುತ್ತದೆ. ಎಲ್ಲ ನಾಯಿಗಳ ಜೊತೆ ಆಡುವ ನಾಯಿ ಅದು ಆಗದೇ ಇರಬಹುದು, ಆಗಬೇಕೆಂದೂ ಇಲ್ಲ. ಹಾರ್ನೆಸ್ ತೋರಿಸಿದರೆ ತಾನೇ ಬಂದು ತಲೆ ತೂರಿಸುತ್ತದೆ. ಚೈನ್ ಜಗ್ಗುವ ವಿಚಾರಕ್ಕೆ ನಡೆಯುತ್ತಿದ್ದ ಜಗಳ ನಿಂತಿದೆ. ಟ್ರೀಟ್ ಬಚ್ಚಿಡುವುದರಲ್ಲಿ ಯಾರು ಚುರುಕು ಎಂದು ಅಪ್ಪ, ಮಗಳು ವಾದ ಮಾಡುತ್ತಾರಂತೆ.

ಮುಂದಿನ ಹಂತಕ್ಕೆ ಹೇಳಿರುವುದು ಎರಡು. ಮನೆಯವರು ಮುಟ್ಟಿದ ಒಂದು ಬಟ್ಟೆಯ ತುಂಡನ್ನು ಹುಡುಕುವುದು ಕಲಿಸಿ, ತಿಂಡಿ ಕಂಡುಹಿಡಿದ ಮೇಲೆ ಸಿಗಲಿ. ಬಂಟಿ ಸಲೀಸಾಗಿ ತಿಂಡಿ ತಿನ್ನುತ್ತಿರುವಾಗ ಮಾತ್ರ ಬೇರೆ ನಾಯಿಗಳಿಂದ ಇರುವ ದೂರವನ್ನು ಒಂದೊಂದು ಹೆಜ್ಜೆ ಕಡಿಮೆ ಮಾಡಿ. ಕೆಲವು ತಿಂಗಳಲ್ಲಿ ಪ್ರಗತಿ ನಿಂತೇ ಹೋದರೆ, ಆತಂಕ ತಗ್ಗಿಸುವ ಔಷಧಿ ಬೇಕಾ ಎಂದು ವರ್ತನೆಯ ವಿಷಯ ಬಲ್ಲ ಪಶುವೈದ್ಯರನ್ನು ಕೇಳೋಣ ಎಂದಿದ್ದೇನೆ.